ಈಗ ಅಂದರೆ ಯಾವ ಈಗ

ದಿನಕ್ಕೆ ಐದು ಸಲ, ಹದಿನಾಲ್ಕು ದಿನ,
ಫೋನು ಟಣ್ ಅಂದ ಕೂಡಲೇ ಲಿಂಕು ತೆರೆಯಬೇಕು.
ಈಗ, ಈ ಕ್ಷಣ, ನಿಮ್ಮ ಮನಸ್ಸು ಎಷ್ಟು ಹಗುರ?
ಒಂದರಿಂದ ಏಳರೊಳಗೆ ಒಂದು ಅಂಕಿ ಒತ್ತಿ.

ಅರವತ್ತೆರಡು ಜನ ಒತ್ತಿದರು.
ಟೀಚರು, ನರ್ಸು, ಗೌರಿಬಿದನೂರಿನ ಒಬ್ಬ ಲೈನ್‌ಮನ್.
ಒಬ್ಬ ಮಹಾಶಯ ಹದಿನಾಲ್ಕು ದಿನವೂ
ನಾಲ್ಕು, ನಾಲ್ಕು, ನಾಲ್ಕು.
ಸ್ಥಿತಪ್ರಜ್ಞನೋ ಸೋಮಾರಿಯೋ, ಅಂಕಿ ಹೇಳುವುದಿಲ್ಲ.

ಹದಿನೇಳನೇ ಸಾಲು
ಇಲಿ ಕಡಿದ ಸೀರೆಯ ಹಾಗಿತ್ತು.
ಎರಡು, ಖಾಲಿ, ಖಾಲಿ, ಏಳು, ಖಾಲಿ.
ಒಂದು, ಖಾಲಿ, ಖಾಲಿ, ಖಾಲಿ, ಆರು.
ಸರಾಸರಿ ತೆಗೆದರೆ ಆಕೆಯೂ ನಾಲ್ಕೇ,
ಆ ಮಹಾಶಯನ ಅವಳಿ.

"ತೆಗೆದುಬಿಡು" ಅಂದರು ವನಜಾಕ್ಷಿ ಮೇಡಂ,
"ಅರ್ಧಕ್ಕಿಂತ ಹೆಚ್ಚು ಖಾಲಿ. ನಿಯಮ ಗೊತ್ತಲ್ಲ?"
ಗೊತ್ತು. ನಾನೇ ಟೈಪು ಮಾಡಿದ ನಿಯಮ.
ಆದರೆ ಕೊನೆಯ ಖಾನೆಯಲ್ಲಿ,
ಏನಾದರೂ ಹೇಳುವುದಿದ್ದರೆ ಬರೆಯಿರಿ ಎಂದಲ್ಲಿ,
ಆಕೆ ಬರೆದಿದ್ದರು: ಒಂದ್ಸಲ ಬಂದು ನೋಡಿ.

ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಪ್ರೈವೇಟು ಬಸ್ಸು ಹತ್ತಿ
ಶಿಡ್ಲಘಟ್ಟದಲ್ಲಿ ಇಳಿದೆ.
ವಿಳಾಸ ಕೇಳುವ ಮೊದಲೇ ಬೆಂದ ಹುಳದ ವಾಸನೆ
ಗಲ್ಲಿಯ ತುದಿಗೆ ಬಂದು ಕರೆದುಕೊಂಡು ಹೋಯಿತು.

ಬಿಸಿನೀರ ತೊಟ್ಟಿಯ ಮುಂದೆ ಖಮರುನ್ನಿಸಾ.
ಬೆಳಗಿನ ಆರರಿಂದ ಕೈ ನೀರೊಳಗೇ.
ಮೇಲೆತ್ತಿ ತೋರಿಸಿದರು:
ಬೆರಳ ತುದಿ ನೆನೆದು, ನೆರಿಗೆಗಟ್ಟಿ, ಬಿಳಿಚಿ,
ಫೋನಿನ ಗಾಜಿಗೆ ಅದು ಬೆರಳೆಂದೇ ಗುರುತು ಹತ್ತುವುದಿಲ್ಲ.

"ಮೂಗಲ್ಲೂ ಒತ್ತಿ ನೋಡಿದೆ ಅಮ್ಮಾ,
ಏಳಕ್ಕೆ ಗುರಿ ಇಟ್ಟರೆ ಆರಕ್ಕೆ ಬಿತ್ತು.
ಕೈ ಒರೆಸಿ ಕೂರೋ ಹೊತ್ತಿಗೆ ನಿಮ್ಮ ಲಿಂಕು ಸತ್ತಿರುತ್ತೆ.
ಈಗ ಈಗ ಅಂತೀರಲ್ಲ,
ಈಗ ಅಂದ್ರೆ ಯಾವ ಈಗ?
ಗೂಡಿನ ರೇಟು ಕೇಳೋಕೆ ಮುಂಚಿನದಾ, ಕೇಳಿದ ಮೇಲಿಂದಾ?
ಮಗಳು ಬಂದು ಪಿಯುಸಿ ಫೀಸು ಅಂದಳು, ಎರಡು.
ಅದೇ ಗಳಿಗೆಗೆ ಪಕ್ಕದ ಜಬೀನ್ ಮಾಲೀಕನ ಥರ ಕೆಮ್ಮಿ ತೋರಿಸಿದಳು, ಏಳು.
ಒಂದೇ ಗುಂಡಿ ಕೊಟ್ಟಿದೀರಿ ನೀವು."

ನನ್ನ ಹತ್ತಿರ ಅದಕ್ಕೆ ಖಾನೆ ಇರಲಿಲ್ಲ.

ಮಾತಾಡುತ್ತಲೇ ಆಕೆ
ಗೂಡಿನ ತುದಿ ಹುಡುಕಿ, ಹಿಡಿದು, ಓಡುವ ನೂಲಿಗೆ ತಾಕಿಸಿದರು.
ಎಂಟು ಗೂಡು ಕುಣಿಯುತ್ತಿವೆ ಕೆಳಗೆ,
ಮೇಲೆ ಹೋಗುವಾಗ ಒಂದೇ ಎಳೆ.
ಎಂಟು ಯಾಕೆ, ಕೇಳಿದೆ.

"ಒಂದು ಗೂಡಿನ ಎಳೆ ಒಂದೇ ಸಮ ಇರಲ್ಲ.
ಒಂದು ಕಡೆ ದಪ್ಪ ಬಿಡುತ್ತೆ ಹುಳ,
ಕೊನೆಕೊನೆಗೆ ಸುಸ್ತಾಗಿ, ಕಣ್ಣಿಗೇ ಕಾಣಲ್ಲ ಅಷ್ಟು ಸಣ್ಣ.
ಒಂದರ ಸಣ್ಣಕ್ಕೆ ಇನ್ನೊಂದರ ದಪ್ಪ ಸೇರಿಸ್ತೀವಿ.
ಕೊಳ್ಳೋರಿಗೆ ಸಮ ಬೇಕಲ್ಲ?"

ಒಂದು ಹುಳ ಎಷ್ಟನೇ ಮೀಟರಿಗೆ ಸುಸ್ತಾಯಿತು,
ಅಷ್ಟು ತಿಳಿಯಲೆಂದೇ ಪಿಎಚ್‌ಡಿಗೆ ಸೇರಿದವಳು ನಾನು.
ಎರಡು ವರ್ಷದಿಂದ ಮಾಡಿದ್ದೇನು?
ಅರವತ್ತೆರಡು ಜನರನ್ನು ಬಿಸಿನೀರಿಗೆ ಬಿಟ್ಟು
ಕೊಳ್ಳುವವರಿಗೆ ಬೇಕಾದ ಸಮ ನೂಲು.

ಹೊರಡುವಾಗ ಟೀ ಬಂತು, ಸಕ್ಕರೆ ಜಾಸ್ತಿ.
ಲೋಟ ಹಿಡಿಯಲು ಆಕೆ ಸೆರಗಿನಲ್ಲಿ ಕೈ ಒರೆಸಿದರು,
ಒಮ್ಮೆ, ಮತ್ತೊಮ್ಮೆ. ಒಣಗಲಿಲ್ಲ.

ಬಸ್ಸಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು
ಹದಿನೇಳನೇ ಸಾಲಿನ ಖಾಲಿಗಳಿಗೆ ಹೊಸ ಹೆಸರು ಕೊಟ್ಟೆ:
ಕೈ ನೀರಲ್ಲಿತ್ತು.
ಮೇಡಂ ಒಪ್ಪಲಿಕ್ಕಿಲ್ಲ. ಕೋಡ್ ಅಂತೂ ಒಪ್ಪಲಿಲ್ಲ,
ಅಂಕಿ ಕೊಡು ಎಂದು ಕೆಂಪಗೆ ಹಟ ಹಿಡಿಯಿತು.

ಆಗ ಟಣ್.
ಪರೀಕ್ಷೆಗೆಂದು ಸೇರಿಸಿಕೊಂಡ ಸೊನ್ನೆ ನಂಬರಿನವಳು ನಾನೇ.
ಈಗ, ಈ ಕ್ಷಣ.
ಹೆಬ್ಬೆರಳು ಮೂರರ ಮೇಲೆ ನಿಂತು, ಆರರ ಕಡೆ ಜರುಗಿ,
ನಾಲಿಗೆಯ ಮೇಲಿನ್ನೂ ಆ ಟೀ,
ಎದುರು ಸೀಟಿನ ಮಗು ನನ್ನ ಪರದೆ ನೋಡಿ ಆಕಳಿಸಿ,
ಕಂಡಕ್ಟರು ಬಂದು ಐದು ರೂಪಾಯಿ ಚಿಲ್ಲರೆ ಕೇಳಿ,

ಲಿಂಕು ಸತ್ತಿತು.