ಎದುರಿನಿಂದಲ್ಲ

ಯುನ್ಲಿನ್ ಸೀಮೆಯ ಬೆಳ್ಳುಳ್ಳಿ ಗದ್ದೆಗಳ ನಡುವೆ
ಲಾರಿಯ ಬದಿ ಇಳಿಬಿಟ್ಟರೆ ಅದೇ ರಂಗ.
ಮುಂದೆ ಅರವತ್ತು ಕೆಂಪು ಪ್ಲಾಸ್ಟಿಕ್ ಕುರ್ಚಿ,
ಕೂತವರು ನಾಲ್ವರು, ಮಲಗಿದ್ದು ಒಂದು ನಾಯಿ.
ಆಚೆ ಗುಡಿಯೊಳಗೆ
ಊದುಬತ್ತಿಯ ಹೊಗೆಗೆ ಮುಖ ಕಪ್ಪಾದ ಕಡಲಮ್ಮ.
ಆಟ ಅವಳಿಗಾಗಿ.
ಉಳಿದವರೆಲ್ಲ ಬಿಟ್ಟಿ ಪ್ರೇಕ್ಷಕರು.

ನಾನು ಹಿಂದಿನ ಏಣಿ ಹತ್ತುತ್ತೇನೆ.
ಹನ್ನೊಂದು ವರ್ಷ,
ಒಮ್ಮೆಯೂ ಎದುರಿನಿಂದ ಪಟ ತೆಗೆದವಳಲ್ಲ.

ಮೊದಲ ದಿನ ಗದರಿದ್ದಳು ಸಿಯೋಕ್-ಖಿಮ್:
"ಪೆಟ್ಟಿಗೆ ಮೇಲೆ ಕೂರಬೇಡ,
ಒಳಗೆ ನಮ್ಮ ದೇವರು ಮಲಗಿದ್ದಾನೆ."
ಎರಡನೆಯ ದಿನ, "ಊಟ ಆಯ್ತಾ?"
ಮೂರನೆಯ ದಿನದಿಂದ ನಾನು ಅಲ್ಲಿರಲಿಲ್ಲ,
ಅಂದರೆ, ಅವರ ಕಣ್ಣಿಗೆ.
ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಸಂಬಳವಿಲ್ಲ.

ಆಮೇಲೆ ಸಿಕ್ಕಿದ್ದು:
ಎದೆಕವಚ ಸಡಿಲಿಸಿ ಹಾಲೂಡುವ ಸೇನಾಪತಿ,
ಕಟ್ಟಿದ ಗಡ್ಡ ಹಾಗೇ,
ಕೂಸಿನ ಮುಷ್ಟಿಯಲ್ಲಿ ಅದರದೊಂದು ಎಳೆ.
ಖಳನ ಮಡಿಲಲ್ಲಿ ಮಗ್ಗಿ ಒಪ್ಪಿಸುವ ಕುನ್-ಹಾನ್
ಏಳೆಂಟಲಕ್ಕೆ ನಿಂತಾಗ
ಅವನ ಬಾಯಿಂದ ಐವತ್ತಾರು ಬರುವವರೆಗೆ
ರಂಗದ ಮೇಲೆ ರಾಜ್ಯ ಕಾದದ್ದು.
ಕುದಿಯುವ ಅನ್ನದ ಆವಿಗೆ
ಮೇಲೆ ನೇತುಹಾಕಿದ ಕಿರೀಟದ ಮುತ್ತೆಲ್ಲ ಬೆವೆತದ್ದು.

ಮತ್ತೆ, ಅವಳು.
ಅರವತ್ತಮೂರರ ಸಿಯೋಕ್-ಖಿಮ್ ಇಪ್ಪತ್ತರ ರಾಜಕುಮಾರ.
ಹಣೆಗೆ ಪಟ್ಟಿ ಬಿಗಿದು ಹುಬ್ಬು ಮೇಲಕ್ಕೆಳೆದರೆ
ನಲವತ್ತು ವರ್ಷ ತಲೆಯ ಹಿಂದೆ
ಒಂದು ಗಂಟಾಗಿ ಕೂರುತ್ತದೆ.
ಆ ಗಂಟಿನದೇ ಇನ್ನೂರು ಪಟಗಳಿವೆ ನನ್ನಲ್ಲಿ.

ಹೋದ ವರ್ಷ ಪ್ರೇತಗಳ ತಿಂಗಳು, ಮಧ್ಯಾಹ್ನ, ಅಂದಳು:
"ನನ್ನದೊಂದು ಪಟ ತೆಗಿ. ಸತ್ತಾಗ ಇಡುವಂಥದು.
ಬಣ್ಣ ಇಲ್ಲದೆ. ಎದುರಿನಿಂದ."

ಮುಖ ತೊಳೆದು,
ಸೊಸೆಯ ನೀಲಿ ಸ್ವೆಟರ್ ತೊಟ್ಟು,
ಖಾಲಿ ಕುರ್ಚಿಗಳ ಸಾಲಿನಲ್ಲಿ ಒಂದರ ಮೇಲೆ ಕೂತಳು.
ಸೈನ್ಯಗಳನ್ನು ಬೀಸಿ ಕಳಿಸಿದ ಕೈ
ಯಾರದೋ ಚೀಲದಂತೆ ತೊಡೆಯ ಮೇಲೆ.
ಕ್ಯಾಮೆರಾದೊಳಗಿಂದ ನೋಡಿದೆ:
ತರಕಾರಿ ಚೌಕಾಸಿ ಮಾಡುವ
ಯಾವ ಅಜ್ಜಿಯಾದರೂ ಆಗಬಹುದಿತ್ತು.
ಹನ್ನೊಂದು ವರ್ಷದ ನೆಗೆಟಿವ್‌ಗಳಲ್ಲಿ
ಈಕೆ ಎಲ್ಲಿ ಅಡಗಿದ್ದಳು?
ಬಣ್ಣ ಬಯಲಾಗುವುದು ಅಂದರೆ
ನನ್ನದೂ ಆಗುವುದೆಂದು ಗೊತ್ತಿರಲಿಲ್ಲ.

"ಸ್ವಲ್ಪ ನಗು," ಅಂದೆ.
ನಿಜಕ್ಕೂ ತಿಳಿಯದೆ ಕೇಳಿದಳು:
"ಯಾರ ಹಾಗೆ?"

ಉತ್ತರವಿರಲಿಲ್ಲ. ಒತ್ತಿದೆ.
ಹಿಂದಿನಿಂದ ಮುದುಕ ಥಿಯಾಮ್-ಹಾಕ್ ಜಾಗಟೆ ಬಡಿದ,
ಎದ್ದು ಹೋದಳು; ಎರಡನೆಯದು ಸಿಗಲಿಲ್ಲ.

ತೊಳೆದು ತಂದ ಪಟವನ್ನು
ದೂರ ಹಿಡಿದು, ಹತ್ತಿರ ಹಿಡಿದು,
"ಯಾವೂರವಳೋ, ಪಾಪ," ಅಂದಳು.
ಬೇಡವೆಂದರೂ ಇನ್ನೂರು ಡಾಲರ್ ಜೇಬಿಗೆ ತುರುಕಿದಳು.
ಪಟ ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ.

ನಿನ್ನೆ ಬೇಲಿಯಾಚೆ ಬೆಳ್ಳುಳ್ಳಿ ಒಣಗುವ ವಾಸನೆ,
ನುಸಿಬತ್ತಿ, ಅಂಟು, ಬೆವರು.
ಈಗ ನನಗೂ ಮಂಡಿ ನೋವು;
ಲೆನ್ಸ್ ಬದಲಿಸುತ್ತ ಮೈಮರೆತು
ಕೈಗೆ ತಾಗಿದ್ದರ ಮೇಲೆ ಕೂತುಬಿಟ್ಟೆ.

"ಏಳು," ಅಂದಳು,
ಬಲಹುಬ್ಬು ತೀಡಿಯಾಗಿತ್ತು, ಎಡದ್ದು ಬಾಕಿ,
ಕನ್ನಡಿಯಿಂದ ಕಣ್ಣು ಕೀಳದೆ,

"ಒಳಗೆ ಇಬ್ಬರಿದ್ದೇವೆ."