ತಾಯಮ್ಮನ ಮಾವ

ತಿಯಾಮಿಕೆ ಅಂತ ಹೆಸರು. ನನ್ನ ನಾಲಿಗೆ
ಮೊದಲ ದಿನವೇ ಅದನ್ನು ತಾಯಮ್ಮ ಮಾಡಿಬಿಟ್ಟಿತು.
ಅವಳೂ ತಕರಾರು ತೆಗೆಯಲಿಲ್ಲ.
ಕರೆದರೆ ತಿರುಗಿ ನೋಡಿದಳು, ಅಷ್ಟು ಸಾಕು.

ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ
ಮರ ಓದಲು ಮಲಾವಿಯಿಂದ ಬಂದವಳು.
ಅದೆಲ್ಲಿ ಅಂದರೆ, ಪೂವಮ್ಮ ಫೋನಿನೊಳಗಿನ ಭೂಮಿಯನ್ನು
ಬೆರಳಲ್ಲಿ ತಳ್ಳಿ ತಳ್ಳಿ
ಒಂದು ಉದ್ದನೆಯ ಕೆರೆ ತೋರಿಸಿದಳು.
ಸಮುದ್ರವಿಲ್ಲದ ಸೀಮೆಯಂತೆ. ನಮ್ಮ ಕೊಡಗಿನ ಹಾಗೇ, ಅಂದೆ.

ಎರಡು ದಿನ ಬಾಳೆಹಣ್ಣು, ಬಿಳಿ ಬ್ರೆಡ್ಡು.
ನನ್ನ ಸಾರು ಮೂಸಿ, ನಕ್ಕು, ತಟ್ಟೆ ತೊಳೆದಿಟ್ಟು ಹೋದಳು.
ಅಡುಗೆಯವಳಿಗೆ ಅದಕ್ಕಿಂತ ಬೈಗುಳ ಬೇಕೆ?
ಮೂರನೇ ರಾತ್ರಿ ನನಗಂತ ಕಟ್ಟಿಟ್ಟ ಮುದ್ದೆ
ಒಲೆ ಪಕ್ಕ ಹಬೆಯಾಡುತ್ತಿತ್ತು. ಬಾಗಿಲಲ್ಲಿ ನಿಂತವಳು
ಕೇಳಲೂ ಇಲ್ಲ: ಮುರಿದಳು, ಅಂಗೈಯಲ್ಲಿ ಉರುಟಿದಳು,
ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ
ಸಾರಿಗೆ ಅದ್ದಿದಳು.
ಬೀದರಿನ ಹುಡುಗಿಯರಿಗೆ ನಾಲ್ಕು ವರ್ಷಕ್ಕೂ ಒಲಿಯದ ಕೈ!
ಅವರ ಕಡೆ ಮುಸುಕಿನ ಜೋಳದ್ದಂತೆ, ಬೆಳ್ಳಗಿರುತ್ತದಂತೆ.
ಒಂದೇ ತಪ್ಪು, ಅಗಿದಳು.
ಅಗಿಯಬೇಡ, ನುಂಗು, ಅಂತ ಗಂಟಲು ಮುಟ್ಟಿ ತೋರಿಸಿದೆ.
ನನಗೇನೋ ಬೇನೆ ಅಂದುಕೊಂಡು ನೀರು ತಂದಳು.

ಪೊಲೀಸ್ ಕಾಗದಕ್ಕೆ ಮಡಿಕೇರಿ. ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬಂದಳು,
ಮರುದಿನ ಮತ್ತೆ. ಒಂದು ಸಲ ಫೋಟೋ ಕಮ್ಮಿ,
ಇನ್ನೊಂದು ಸಲ ಸಾಹೇಬರೇ ಕಮ್ಮಿ.
ಬರುವಷ್ಟರಲ್ಲಿ ಕತ್ತಲು. ಗೇಟಿನ ಅಯ್ಯಣ್ಣ
ಆರರ ಮೇಲೆ ರಸ್ತೆಯಲ್ಲಿ ನಡೆಯಬೇಡ, ಆನೆ, ಅಂತ
ಸೊಂಡಿಲಿನ ಹಾಗೆ ಕೈ ಬೀಸಿದರೆ
ಜೋವು! ಅಂದಳಂತೆ, ಊರಿನವರ್‍ಯಾರೋ ಸಿಕ್ಕ ಹಾಗೆ.

ನಾನೇನು ಇಲ್ಲಿಯವಳೇ? ಇಪ್ಪತ್ತೆರಡು ವರ್ಷದ ಹಿಂದೆ
ಹುಣಸೂರು ಕಡೆಯಿಂದ, ಟ್ರಂಕಿನ ಮೇಲೆ ಕೂತು,
ಆನೆಚೌಕೂರು ಗೇಟು ದಾಟಿದ್ದೇ ನನ್ನ ಪರದೇಶ.
ಲೈನ್‌ಮನೆಯ ಮೊದಲ ವಾರ
ಮೇಸ್ತ್ರಿ ಕೊಡವ ಮಾತಲ್ಲಿ ಬೈಯುತ್ತಿದ್ದರೆ
ಹರಸುತ್ತಿದ್ದಾನೆ ಅಂತ ತಲೆ ಬಾಗಿಸುತ್ತಿದ್ದೆ.
ಇದನ್ನು ಇವಳಿಗೆ ಹೇಳಲು ಹೋದೆ.
ಅರ್ಧಕ್ಕೆ ಕುಕ್ಕರು ಕೂಗಿತು.

ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆಯುವ ಕಟ್ಟೆ ಮೇಲೆ ಫೋನು,
ಸಿಗ್ನಲ್ ಅಲ್ಲಿ ಮಾತ್ರ.
ಅವರಲ್ಲಿ ಇನ್ನೂ ಹೊತ್ತು ಮುಳುಗಿರುವುದಿಲ್ಲ.
ಅವಳ ಅವ್ವನ ಕೆನ್ನೆಗೆ ಬಿದ್ದ ಬಿಸಿಲು
ಇವಳ ಮುಖದ ಮೇಲೂ ಒಂದಿಷ್ಟು.
ಮಾತೆಲ್ಲ ನನಗೆ ಗಾಳಿ. ಕೊನೆಗೆ ದಿನಾ ಒಂದೇ:
ಮಾವ. ಮಾವ. ಆಮೇಲೆ ಕಣ್ಣೊರೆಸಿಕೊಳ್ಳುವುದು.
ಯಾವ ಮಾವನೋ! ಓದಿಸುವ ಸೋದರಮಾವನೇ ಇರಬೇಕು.
ಸೊಪ್ಪು ಬಿಡಿಸುತ್ತಾ ಅವನಿಗೊಂದು ಕೊಡೆ ಕೊಟ್ಟೆ,
ಎರಡು ಹಲ್ಲು ಬೀಳಿಸಿದೆ,
ಕೆಮ್ಮಿಗೆ ಶುಂಠಿ ಕಷಾಯವನ್ನೂ ನೆನೆಸಿಕೊಂಡೆ.

ಭಾನುವಾರ ಗೋಣಿಕೊಪ್ಪದ ಸಂತೆ. ಟೊಮೆಟೊ ಚೀಲ ಹೊತ್ತವಳು
ಒಣಮೀನಿನ ಮೊಯ್ದು ಮುಂದೆ ನಿಂತೇಬಿಟ್ಟಳು.
ಕಿರುಬೆರಳಿಗಿಂತ ಸಣ್ಣ ಮೀನು, ಒಂದು ಹಿಡಿ ಎತ್ತಿ
ಉಸಿರೆಳೆದಳು. ಉಸಿಪ, ಅಂದಳು, ಉಸಿಪ.
ತೂಕ ಹಾಕಲಾ? ಅಂದ ಮೊಯ್ದು.
ಮಾವನಿಗೆ ಕಳಿಸಬೇಕಾ ತಾಯಮ್ಮ? ಅಂದೆ ನಾನು.

ಹುಬ್ಬು ಗಂಟಿಕ್ಕಿ ನಿಂತಳು. ಆಮೇಲೆ ಹೊಳೆಯಿತು,
ಚೀಲ ಇಳಿಸಿ, ಇಲ್ಲದ ಕನ್ನಡಕ ಮೂಗಿಗೆ ಜಾರಿಸಿ,
ಗುಮಾಸ್ತನ ಗೊಗ್ಗರು ದನಿಯಲ್ಲಿ:
"ನಾಳೆ ಬಾ, ನಾಳೆ ಬಾ!"
ನನ್ನ ಎದೆಗೆ ಬೆರಳು ತೋರಿ, ನಾಳೆ.
ತನ್ನ ಎದೆಗೆ, ಮಾವ.

ಮಡಿಕೇರಿ ಆಫೀಸು ಕಲಿಸಿದ ಅವಳ ಮೊದಲ ಕನ್ನಡ!
ನಾನು ಸಾಕಿದ್ದ ಮುದುಕ
ಸಂತೆಯ ನಡುವೆ ಕೊಡೆ ಮಡಿಚಿ ಹೋದ.
ನಕ್ಕೆವು. ಆಮೇಲೆ ಯಾಕೋ ನನಗೆ ಸ್ವಲ್ಪ ದುಃಖವೂ ಆಯಿತು,
ಅವನು ಒಳ್ಳೆಯವನಿದ್ದ.

ರಾತ್ರಿ ಮೀನು ಹುರಿದೆ. ಹುಡುಗಿಯರು ಮೂಗು ಮುಚ್ಚಿ ಕಿಟಕಿ ತೆರೆದರು.
ಬೆಳಿಗ್ಗೆ ಏಳರ ಬಸ್ಸಿಗೆ ಮತ್ತೆ ಮಡಿಕೇರಿ.
ಮಾವ, ಅಂದೆ ದೀಪ ಆರಿಸುತ್ತಾ.
ನಾಳೆ, ಅಂದಳು ಕತ್ತಲೆಯಿಂದ,
ಬಾಯಲ್ಲಿನ್ನೂ ಮುದ್ದೆ. ಅಗಿಯುತ್ತಲೇ ಇದ್ದಳು.