ಒಗೆದುಬಿಟ್ಟ ಸ್ವೆಟರ್

ಆರಕ್ಕೆ ಮುಂಚೆ ದೀಪ ಹಾಕಬಾರದು.
ಹಾಕಿದರೆ ಮೂರನೇ ಗೂಡಿನ ಟೆರಿಯರ್ ಏಳುತ್ತದೆ,
ಅದು ಎದ್ದರೆ ಹದಿನಾಲ್ಕೂ ಏಳುತ್ತವೆ,
ಹದಿನಾಲ್ಕೂ ಎದ್ದರೆ ಗುಡ್ಡದಾಚೆಯ ಎಮ್ರಿಸ್ ಏಳುತ್ತಾನೆ,
ಎದ್ದವನು ಸುಮ್ಮನಿರದೆ ಫೋನು ಮಾಡುತ್ತಾನೆ.
ಹಾಗಾಗಿ ಕತ್ತಲಲ್ಲೇ, ಕೈಯಂದಾಜಿನಲ್ಲಿ
ತಗಡಿನ ಬಟ್ಟಲಿಗೆ ಕಾಳು ಅಳೆಯುತ್ತೇನೆ.
ಮೊದಲ ಕಾಳಿನ ಸದ್ದಿಗೇ
ಟೆರಿಯರ್ ಏಳುತ್ತದೆ.

ಇದು ಹಿಂದೆ ಹಾಲು ಕರೆಯುವ ಕೊಟ್ಟಿಗೆ.
ಐವರ್ ಹಸು ಮಾರಿದ ವರ್ಷ ಸುಣ್ಣ ಬಳಿದೆವು;
ಗೋಡೆಗೆ ಬರೆದಿದ್ದ ಹೆಸರುಗಳು ಮಾತ್ರ
ಸುಣ್ಣದೊಳಗಿಂದ ಇನ್ನೂ ಇಣುಕುತ್ತವೆ.
ಸೆರೆನ್ ನಿಂತು ಮೆಲುಕು ಹಾಕುತ್ತಿದ್ದ ಜಾಗದಲ್ಲಿ ಈಗ
ಕಾರ್ಡಿಫಿನ ದಂತವೈದ್ಯರ ಪೂಡಲ್
ಮನೆಯಿಂದ ತಂದ ದಿಂಬಿನ ಮೇಲೆ ಮಲಗುತ್ತದೆ.

ಬಿಟ್ಟುಹೋಗುವವರು ಚೀಟಿ ಕೊಟ್ಟು ಹೋಗುತ್ತಾರೆ.
‘ಗುಡುಗಿದರೆ ಕಿವಿ ಮುಚ್ಚಿ.’
‘ಮಾತ್ರೆ ಬೆಣ್ಣೆಯಲ್ಲಿಡಿ, ಚೀಸಿನಲ್ಲಿಟ್ಟರೆ ಗೊತ್ತಾಗಿಬಿಡುತ್ತದೆ.’
‘ಇವನಿಗೆ ವೆಲ್ಷ್ ಬಾರದು,
ದಯವಿಟ್ಟು ಇಂಗ್ಲಿಷಿನಲ್ಲೇ ಗದರಿಸಿ.’
ಮೂರನೇ ದಿನ ಸ್ಪೇನಿನ ಕಡಲತೀರದಿಂದ ಕೇಳುತ್ತಾರೆ:
ನಮ್ಮನ್ನು ನೆನೆಸಿಕೊಳ್ಳುತ್ತಾನಾ?
ಕಿಟಕಿಯಾಚೆ ನೋಡುತ್ತೇನೆ. ಅವನು
ಯಾರದೋ ಲ್ಯಾಬ್ರಡಾರಿನ ಜೊತೆ
ಹೊಟ್ಟೆ ಮೇಲೆ ಮಾಡಿಕೊಂಡು ಕೆಸರಲ್ಲಿ ಉರುಳುತ್ತಿದ್ದಾನೆ.
ತುಂಬಾ, ಎನ್ನುತ್ತೇನೆ.
ದಿನದ ಇಪ್ಪತ್ತೆರಡು ಪೌಂಡಿನಲ್ಲಿ
ಈ ಸುಳ್ಳೂ ಸೇರಿದೆ.

ಟ್ವಮ್ ವಿಷಯದಲ್ಲಿ ಸುಳ್ಳು ಬೇಕಾಗಲಿಲ್ಲ.
ಮುದಿ ಗ್ರೇಹೌಂಡ್, ಎಲುಬಿಗೆ ಚರ್ಮ ಹೊದಿಸಿದ ಹಾಗೆ.
ಡೆಲಿತ್ ಪಾರಿ, ಇಡೀ ಕಣಿವೆಗೆ ಟಪಾಲು ಹಂಚಿ
ಮಂಡಿ ಸವೆಸಿಕೊಂಡವಳು,
ಆಸ್ಪತ್ರೆಗೆ ಹೋಗುವಾಗ ಅವನನ್ನು ಬಿಟ್ಟು
ಜೊತೆಗೊಂದು ನೀಲಿ ಸ್ವೆಟರ್ ಕೊಟ್ಟಳು:
ನನ್ನ ವಾಸನೆ ಇದ್ದರೆ ಉಣ್ಣುತ್ತಾನೆ.
ಎರಡು ದಿನ ಉಂಡ. ಮೂರನೇ ದಿನ
ಹಾಸಿಗೆಗಳ ರಾಶಿಯೊಡನೆ ಅದನ್ನೂ ಬಾಚಿ
ಕುದಿನೀರಿನ ಮಶೀನಿಗೆ ಹಾಕಿಬಿಟ್ಟೆ.

ಹೊರಬಂದದ್ದು ಮಗುವಿಗಾಗುವಷ್ಟು ಚಿಕ್ಕದು,
ಸೋಪಿನ ಹೂವಿನ ಘಮ.
ಟ್ವಮ್ ಒಮ್ಮೆ ಮೂಸಿದ. ನನ್ನನ್ನು ನೋಡಿದ.
ಗೋಡೆ ಕಡೆ ತಿರುಗಿ ಮಲಗಿದ.
ಬೇಯಿಸಿದ ಕೋಳಿ, ಮೊಟ್ಟೆ, ಐವರನ ಪಾಲಿನ ಮಾಂಸ,
ಯಾವುದಕ್ಕೂ ತಲೆ ಎತ್ತಲಿಲ್ಲ.
ನಾಯಿಬಾಲದ ಡೊಂಕು ತಿದ್ದಲಾಗದೆಂದು ಗಾದೆ ಮಾಡಿದವರು
ಮಲಗಿದ ನಾಯಿಯ ಬೆನ್ನು ನೋಡಿರಲಿಕ್ಕಿಲ್ಲ.

ಕೊನೆಗೆ ಆಸ್ಪತ್ರೆಗೆ ಫೋನು ಮಾಡಿ
ತಪ್ಪೊಪ್ಪಿಕೊಂಡೆ.
ಅವನ ಕಿವಿಗೆ ಹಿಡಿ, ಎಂದಳು.
ಟ್ವಮ್, ಎಂದಳು. ಕಂದಾ, ಎಂದಳು.
ಅವನು ಅಲುಗಲಿಲ್ಲ: ಆ ಹೆಸರನ್ನು
ಐದು ದಿನದಿಂದ ನಾನೂ ಕೂಗುತ್ತಿದ್ದೆನಲ್ಲ.
ಆಮೇಲೆ ಅವಳಿಗೆ ಕೆಮ್ಮು ಬಂತು,
ಸಿಗರೇಟಿನ ಹಳೆಯ ಕೆಮ್ಮು,
ನಡುವೆ ಒಂದು ಬೈಗುಳ, ಮತ್ತೆ ಕೆಮ್ಮು.
ಎಡಗಿವಿ ಎದ್ದಿತು.
ಇನ್ನಷ್ಟು ಕೆಮ್ಮು ಡೆಲಿತ್, ಎಂದು ನಾನು ಕಿರುಚಿದೆ,
ಪಕ್ಕದ ಮಂಚದವರು ನರ್ಸನ್ನು ಕರೆದರಂತೆ.
ಅವನು ಎದ್ದು, ಮೈ ಒದರಿ,
ಫೋನಿನ ಹಿಂಬದಿಯನ್ನೊಮ್ಮೆ ಹುಡುಕಿ,
ಆರಿದ ಕೋಳಿಯನ್ನು ಉಂಡ.

ಹನ್ನೊಂದನೇ ದಿನ ಕೋಲೂರಿಕೊಂಡು ಬಂದಳು.
ಟ್ವಮ್ ಓಡಲಿಲ್ಲ. ಮೊದಲು
ಗೇಟಿನ ಕಂಬಕ್ಕೆ ಸಲ್ಲಬೇಕಾದ್ದು ಸಲ್ಲಿಸಿದ.
ನಿಧಾನಕ್ಕೆ ಬಂದು, ಗಟ್ಟಿ ಕಾಲು ಯಾವುದೆಂದು ಮೂಸಿ ನೋಡಿ,
ಅದಕ್ಕೆ ತನ್ನ ಭಾರವೆಲ್ಲ ಒರಗಿಸಿ ನಿಂತ.
ಸ್ವೆಟರ್ ಕೊಟ್ಟೆ. ಮುಖಕ್ಕೆ ಹಿಡಿದು ನಕ್ಕಳು:
ಇದು ನಿನ್ನ ಮನೆಯ ವಾಸನೆ, ನೆಸ್ತಾ. ಇಟ್ಟುಕೋ.
ಇನ್ನೊಂದು ಮಂಡಿ ಬಾಕಿ ಇದೆ.

ಅವರ ಕಾರು ತಿರುವು ದಾಟಿದ ಮೇಲೆ
ಆರನೇ ಗೂಡು ತೊಳೆಯುತ್ತಾ, ಯಾಕೋ,
ನಾನೊಮ್ಮೆ ಕೆಮ್ಮಿ ನೋಡಿದೆ.
ಹದಿಮೂರರಲ್ಲಿ ಒಂದೂ ಕಿವಿ ಎತ್ತಲಿಲ್ಲ.
ಏನಾಯ್ತು, ಎಂದ ಐವರ್, ಟ್ರ್ಯಾಕ್ಟರಿನ ಕೆಳಗಿನಿಂದ.
ಏನಿಲ್ಲ, ಎಂದೆ.
ಪೈಪಿನ ಕೀಲು ಸೋರುತ್ತಿದೆ, ಬಂದು ನೋಡು.